ಲಾಯದ ಪಕ್ಕದ ಓದು: ಒಂದು ಸವಾರಿ ಪುಸ್ತಕ ಕೂಟದ ಪ್ರಕರಣ

ಕುದುರೆ ಸವಾರಿ ಕಲಿಯುವವರು ಒಟ್ಟಿಗೆ ಕೂತು ಸವಾರಿಯ ಬಗ್ಗೆ ಓದುವ ಕೂಟಗಳು ನಮ್ಮಲ್ಲಿ ಕಡಿಮೆ. ಬೆಂಗಳೂರಿನ ಹೊರವಲಯದ ಒಂದು ಸವಾರಿ ಶಾಲೆಯಲ್ಲಿ ಅಂಥದ್ದೊಂದು ಶುರುವಾಯಿತು. ಇನ್ನೇನು ಮುಚ್ಚಿಹೋಯಿತು ಅನ್ನುವ ಹಂತಕ್ಕೆ ಬಂದು, ಮತ್ತೆ ಎದ್ದು ನಿಂತಿತು. ನಾನು ಅದರ ಸದಸ್ಯ. ಇಂಥ ಕೂಟ ಕಟ್ಟಬೇಕು ಅಂದುಕೊಂಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಶಾಲೆಯ ಹೆಸರು, ಜನರ ಹೆಸರು ಇಲ್ಲಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.

ಹಿನ್ನೆಲೆ

ಈ ನಾಡಿಗೆ ಕುದುರೆ ಹೊಸದಲ್ಲ. ಕುಣಿಗಲ್‌ನ ಕುದುರೆ ಫಾರಂ ಟಿಪ್ಪುವಿನ ಕಾಲದ್ದು. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇತ್ತು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ (ಮೂರು ಬಗೆಯ ಸವಾರಿ ಪರೀಕ್ಷೆ ಸೇರಿದ ಸ್ಪರ್ಧೆ) ಎರಡು ಬೆಳ್ಳಿ ಗೆದ್ದರು. ಆದರೆ ಸವಾರಿಯ ಅರಿವು ನಮ್ಮಲ್ಲಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದೇ ಜಾಸ್ತಿ. ಓದಿ ಕಲಿಯುವ ಅಭ್ಯಾಸ ಬೆಳೆಯಲಿಲ್ಲ.

ಈ ಶಾಲೆಯಲ್ಲಿ ಹದಿನೈದಿಪ್ಪತ್ತು ಕುದುರೆಗಳಿವೆ. ಹೆಚ್ಚಿನವು ರೇಸ್ ಓಡಿ ನಿವೃತ್ತಿಯಾದ ಥರೋಬ್ರೆಡ್ ತಳಿಯವು. ಸವಾರರಲ್ಲಿ ಐಟಿಯವರು, ಕಾಲೇಜು ಹುಡುಗ ಹುಡುಗಿಯರು, ಮಕ್ಕಳನ್ನು ಕರೆದುಕೊಂಡು ಬಂದು ತಾವೂ ಕಲಿಯಲು ಶುರುಮಾಡಿದ ಅಪ್ಪ ಅಮ್ಮಂದಿರು ಇದ್ದಾರೆ. ಕೋಚ್ ಸೇನೆಯಲ್ಲಿ ಕುದುರೆಗಳ ಜೊತೆ ಕೆಲಸ ಮಾಡಿ ಬಂದವರು. ಕುದುರೆಗಳನ್ನು ನೋಡಿಕೊಳ್ಳುವ ಸೈಸ್‌ಗಳು ಐದಾರು ಮಂದಿ. ಅವರಲ್ಲಿ ಹಿರಿಯರೊಬ್ಬರು ಹುಡುಗನಾಗಿದ್ದಾಗಲೇ ರೇಸ್ ಲಾಯಕ್ಕೆ ಸೇರಿದವರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಕೂಟ ಶುರುಮಾಡಿದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಮಹಿಳೆ, ಅವರೇ ಅದರ ಸಂಚಾಲಕಿ. ನಲವತ್ತು ದಾಟಿದ ಮೇಲೆ ಸವಾರಿಗೆ ಬಂದವರು. ಮೈ ಬೇಗ ಕಲಿಯದ ವಯಸ್ಸಿನಲ್ಲಿ ತಲೆಯಾದರೂ ಜೊತೆ ಕೊಡಲಿ ಅನ್ನುವುದು ಅವರ ಆಸೆ. ಹಿಮ್ಮಡಿ ಕೆಳಗೆ ಮಾಡಿ ಅಂತ ಕೋಚ್ ಹೇಳಿದರೆ ಮಾಡುತ್ತಿದ್ದರು. ಆದರೆ ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಸವಾರಿ ಅಂಗಳವಾದ ಅರೀನಾದಲ್ಲಿ ಅದನ್ನು ಕೇಳಲು ಹೊತ್ತೂ ಇರುವುದಿಲ್ಲ, ಅಲ್ವಾ? ಅದಕ್ಕೇ ಶನಿವಾರ ಸಂಜೆ ಕೊನೆಯ ಕ್ಲಾಸ್ ಮುಗಿದ ಮೇಲೆ ಜೀನು ಇಡುವ ಕೋಣೆಯ ಮುಂದಿನ ಜಗಲಿಯಲ್ಲಿ ಓದೋಣ ಎಂದು ಎಲ್ಲರಿಗೂ ಹೇಳಿದರು. ಮಾಲೀಕರು ಒಪ್ಪಿದರು. ಮೊದಲ ವಾರ ಹನ್ನೆರಡು ಜನ ಬಂದರು.

ಎಲ್ಲಿ ಸಿಕ್ಕಿಕೊಂಡಿತು

ಮೊದಲ ಯೋಜನೆ ತಿಂಗಳಿಗೊಂದು ಇಡೀ ಪುಸ್ತಕ. ಹೊರದೇಶದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕಗಳು, ಒಂದೊಂದಕ್ಕೂ ಸಾವಿರಾರು ರೂಪಾಯಿ. ಒಬ್ಬರು ಕೊಂಡು ಉಳಿದವರು ಸರದಿಯಲ್ಲಿ ಓದುವುದು ಅಂತ ಆಯಿತು. ಸರದಿ ಬರುವ ಹೊತ್ತಿಗೆ ತಿಂಗಳೇ ಮುಗಿದಿರುತ್ತಿತ್ತು. ಓದಿ ಬಂದ ಇಬ್ಬರು ಮೂವರು ಮಾತಾಡುತ್ತಿದ್ದರು, ಉಳಿದವರು ಕೇಳಿಸಿಕೊಳ್ಳುತ್ತಿದ್ದರು. ಮಾತಾಡುವವರು ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಸವಾರಿ ಚೆನ್ನಾಗಿ ಬಲ್ಲವರು ಅವರೇ ಆಗಿರಲಿಲ್ಲ.

ಇನ್ನೊಂದು ತೊಡಕು ಪುಸ್ತಕಗಳೊಳಗೇ ಇತ್ತು. ಸವಾರಿಯ ಸಿದ್ಧಾಂತ ಒಂದೇ ಅಲ್ಲ. ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಬರೆದದ್ದು ರಿಕಾಬು (ಜೀನಿಗೆ ತೂಗುಬಿಟ್ಟ, ಕಾಲಿಡುವ ಬಳೆ) ಇಲ್ಲದ ಸವಾರಿಯ ಬಗ್ಗೆ. ಕುರ್ಚಿಯ ಮೇಲೆ ಕೂತ ಹಾಗೆ ಕೂರಬೇಡ, ಕಾಲು ಅಗಲಿಸಿ ನೆಟ್ಟಗೆ ನಿಂತವನ ಹಾಗೆ ಇರು ಅನ್ನುತ್ತಾನೆ. ಫ್ರಾನ್ಸಿನ ಲಾ ಗೆರಿನಿಯೇರ್ 1733ರ ತನ್ನ ಪುಸ್ತಕದಲ್ಲಿ ಕುದುರೆಯ ಭುಜವನ್ನು ಒಳಕ್ಕೆ ತಂದು ನಡೆಸುವ ಶೋಲ್ಡರ್-ಇನ್ ಅನ್ನುವ ಅಭ್ಯಾಸವನ್ನು ವಿವರಿಸಿದ. ಅಂಗಳದೊಳಗೆ ನಿಧಾನಕ್ಕೆ ಕುದುರೆಯ ಮೈ ಸಡಿಲಗೊಳಿಸುವ ಕಲೆ ಅದು. ಇಟಲಿಯ ಸೇನಾಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ, 1868ರಿಂದ 1907ರವರೆಗೆ ಬದುಕಿದವರು, ಇನ್ನೊಂದು ದಿಕ್ಕಿಗೆ ಹೋದರು. ರಿಕಾಬು ಗಿಡ್ಡ ಮಾಡು, ಕುದುರೆ ಹಾರುವಾಗ ಮುಂದಕ್ಕೆ ಬಾಗು, ಅದರ ಬೆನ್ನಿಗೂ ಬಾಯಿಗೂ ತೊಂದರೆ ಕೊಡಬೇಡ ಅಂದರು. ಅವರಿಗೆ ಮೊದಲು ಸವಾರರು ಹಾರುವಾಗ ಹಿಂದಕ್ಕೆ ವಾಲುತ್ತಿದ್ದರು.

ಇವೆಲ್ಲ ಒಟ್ಟಿಗೆ ಜಗಲಿಗೆ ಬಂದಾಗ ಗುಂಪುಗಳಾದವು. ಅಂಗಳದ ನಯದ ಸವಾರಿಯಾದ ಡ್ರೆಸಾಜ್ ಇಷ್ಟಪಡುವವರು ಒಂದು ಕಡೆ, ಜಂಪಿಂಗ್ ಇಷ್ಟಪಡುವವರು ಇನ್ನೊಂದು ಕಡೆ. ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕವನ್ನು ಸೋಲಿಸುವುದೇ ಸಂಜೆಯ ಕೆಲಸವಾಯಿತು. ಮೂರನೇ ತಿಂಗಳಿಗೆ ಬರುವವರು ಐದಕ್ಕೆ ಇಳಿದರು.

ಜನ ಮರಳಿ ಬರಲಿ ಎಂದು ಪುಸ್ತಕ ಬಿಟ್ಟು ವಿಡಿಯೋ ತೋರಿಸಿದ್ದೂ ಆಯಿತು. ಜನ ಬಂದರು. ಒಲಿಂಪಿಕ್ ಸವಾರರನ್ನು ನೋಡಿ ಖುಷಿಪಟ್ಟು ಹೋದರು. ಮರುದಿನ ಅರೀನಾದಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಸಂಚಾಲಕಿ ಅದನ್ನು ಬೇಗ ನಿಲ್ಲಿಸಿದರು. ಆ ನಿರ್ಧಾರ ನನಗೆ ಈಗಲೂ ಸರಿ ಅನ್ನಿಸುತ್ತದೆ. ತಲೆ ಎಣಿಸಿದ್ದರೆ ವಿಡಿಯೋ ಸಂಜೆಗಳೇ ಗೆದ್ದಿದ್ದವು. ಅವರು ನೋಡಿದ್ದು ಬೇರೆ: ಇಲ್ಲಿಂದ ಎದ್ದು ಹೋದವರು ಕುದುರೆಯ ಹತ್ತಿರ ಬೇರೆ ರೀತಿ ನಡೆದುಕೊಳ್ಳುತ್ತಾರಾ, ಇಲ್ಲವಾ?

ಒಂದು ಪುಟ, ಗಟ್ಟಿಯಾಗಿ

ತಿರುವು ಬಂದದ್ದು ಕ್ಸೆನೊಫೋನನಿಂದ. ಅವನ ಪುಸ್ತಕ ಚಿಕ್ಕದು. ಹಳೆಯ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಕಾಸು ಕೊಡದೆ ಸಿಗುತ್ತದೆ. ಹಾಗಾಗಿ ಪುಸ್ತಕ ಕೊಳ್ಳುವ ತಾಪತ್ರಯ ಇರಲಿಲ್ಲ. ಸಂಚಾಲಕಿ ಹೊಸ ನಿಯಮ ಮಾಡಿದರು. ಮನೆಯಲ್ಲಿ ಯಾರೂ ಓದಿಕೊಂಡು ಬರಬೇಕಾಗಿಲ್ಲ. ವಾರಕ್ಕೆ ಒಂದೇ ಪುಟ. ಒಬ್ಬರು ಅದನ್ನು ಕನ್ನಡದಲ್ಲಿ ಬರೆದುಕೊಂಡು ಬಂದು ಗಟ್ಟಿಯಾಗಿ ಓದಬೇಕು.

ಆ ವಾರದ ಪುಟ ಕುದುರೆಯ ಮೈ ತಿಕ್ಕುವವನಿಗೆ ಕೊಟ್ಟ ಸೂಚನೆಗಳದ್ದು. ನೇರ ಮುಂದಿನಿಂದ ಹೋಗಬೇಡ, ನೇರ ಹಿಂದಿನಿಂದಲೂ ಹೋಗಬೇಡ. ಕಾಲು ತಿಕ್ಕುವಾಗ ಕುದುರೆಯ ಮುಖ ಇರುವ ದಿಕ್ಕಿಗೆ ನೀನು ಮುಖ ಮಾಡಬೇಡ, ತಿರುಗಿ ನಿಲ್ಲು, ಒದೆತ ತಪ್ಪುತ್ತದೆ. ಇಷ್ಟು ಓದುವಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ಬ್ರೈಡಲ್ (ಕುದುರೆಯ ತಲೆಗೆ ಹಾಕುವ ಪಟ್ಟಿ) ಒರೆಸುತ್ತಿದ್ದ ಚಾಚಾ ಕೆಲಸ ನಿಲ್ಲಿಸಿ ಕೇಳಿದರು: "ಇದು ಯಾರು ಬರೆದಿದ್ದು ಮೇಡಂ? ಕುದುರೆ ಜೊತೆ ಇದ್ದವನೇ ಇರಬೇಕು."

ಎರಡು ಸಾವಿರ ವರ್ಷಕ್ಕೂ ಹಿಂದಿನದು ಅಂದರು ಸಂಚಾಲಕಿ. ಚಾಚಾಗೆ ಅದೇನೂ ಆಶ್ಚರ್ಯ ಅನ್ನಿಸಲಿಲ್ಲ. ಕುದುರೆ ಆಗಲೂ ಹೀಗೇ ಇತ್ತಲ್ಲ ಅಂದರು. ಆಮೇಲೆ ಅವರೇ ಎಲ್ಲರನ್ನೂ ಲಾಯಕ್ಕೆ ಕರೆದುಕೊಂಡು ಹೋದರು. ಕುದುರೆಯ ಭುಜದ ಪಕ್ಕ ಹೇಗೆ ನಿಲ್ಲಬೇಕು, ಹಿಂದೆ ದಾಟುವಾಗ ಯಾಕೆ ಒಂದು ಕೈಯನ್ನು ಅದರ ಮೈ ಮೇಲಿಂದ ತೆಗೆಯಬಾರದು ಅಂತ ತೋರಿಸಿದರು. ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಡೆ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ, ಇವೆರಡು ಕಾಣುವುದಿಲ್ಲ. ಪುಸ್ತಕದ ಸೂಚನೆಗೆ ಇದೇ ಕಾರಣ. ಅಲ್ಲಿದ್ದವರಲ್ಲಿ ಅರ್ಧ ಜನ ವರ್ಷಗಟ್ಟಲೆ ಸವಾರಿ ಮಾಡಿದವರು. ಕುದುರೆಯ ಹಿಂದೆ ಸುತ್ತಿಕೊಂಡು ಹೋಗುವುದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಜೀನು ಹಾಕಿ ಸಿದ್ಧ ಮಾಡಿದ ಕುದುರೆಯೇ ಅವರ ಕೈಗೆ ಬರುತ್ತಿತ್ತಲ್ಲ.

ಮುಂದಿನ ಶನಿವಾರ ಸಂಚಾಲಕಿ ಚಾಚಾಗೂ ಒಂದು ಕುರ್ಚಿ ಹಾಕಿಸಿದರು. ಚಿಕ್ಕ ಸಂಗತಿ ಅನ್ನಿಸಬಹುದು. ಆದರೆ ಆ ಶಾಲೆಯಲ್ಲಿ ಸವಾರರ ಸಾಲಿನಲ್ಲಿ ಸೈಸ್ ಕೂತದ್ದು ಅದೇ ಮೊದಲು. ಒಂದಿಬ್ಬರು ಪೋಷಕರಿಗೆ ಅದು ಹಿಡಿಸಲಿಲ್ಲ, ಬರುವುದನ್ನು ಬಿಟ್ಟರು. ಸಂಚಾಲಕಿ ಅವರನ್ನು ಒಲಿಸಲು ಹೋಗಲಿಲ್ಲ.

ಆಗ ನೆಲೆಯಾದ ಕ್ರಮ ಇವತ್ತಿಗೂ ಇದೆ. ಮೊದಲು ಒಂದು ಪುಟ ಓದುವುದು. ಆಮೇಲೆ ಆ ಪುಟದ ಒಂದೇ ಒಂದು ವಿಷಯವನ್ನು ಕಣ್ಣಾರೆ ನೋಡುವುದು ಅಥವಾ ಕೈಯಾರೆ ಮಾಡುವುದು. ಟ್ರಾಟ್ ಅನ್ನುವ ಹಗುರ ಓಟದಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬಿದ್ದು ಎರಡು ಏಟು, ಅದಕ್ಕಿಂತ ವೇಗದ ಕ್ಯಾಂಟರ್‌ನಲ್ಲಿ ಮೂರು, ನಡಿಗೆಯಲ್ಲಿ ನಾಲ್ಕು ಅಂತ ಓದಿದ ದಿನ ಎಲ್ಲರೂ ಕಟಕಟೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಗೊರಸಿನ ಸದ್ದು ಕೇಳಿ ಯಾವ ನಡೆ ಅಂತ ಹೇಳಿದರು. ಕುದುರೆ ಇಲ್ಲದೆಯೂ ಕೆಲವು ಆಗುತ್ತವೆ. ಒಬ್ಬರು ಲಗಾಮಿನ ಬಿಟ್ (ಕುದುರೆಯ ಬಾಯೊಳಗಿರುವ ಲೋಹದ ಕಡ್ಡಿ) ಇರುವ ತುದಿಯನ್ನು ಹಿಡಿದು ಕಣ್ಣು ಮುಚ್ಚುವುದು, ಇನ್ನೊಬ್ಬರು ಹಿಂದೆ ನಿಂತು ಲಗಾಮು ಹಿಡಿಯುವುದು. ಒಂದು ಬೆರಳು ಬಿಗಿಯಾದರೂ ಮುಂದಿನವರಿಗೆ ಗೊತ್ತಾಗುತ್ತದೆ. ಹದಿನೈದು ವರ್ಷದ ಹುಡುಗನೊಬ್ಬ ಇದನ್ನು ಮಾಡಿ ನೋಡಿ, ನಾನು ಇಷ್ಟು ಜೋರಾಗಿ ಎಳೀತಿದ್ನಾ ಅಂತ ಸುಮ್ಮನಾಗಿಬಿಟ್ಟ.

ಪುಸ್ತಕಗಳ ಜಗಳಕ್ಕೂ ದಾರಿ ಸಿಕ್ಕಿತು. ಕೂಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಸಂಚಾಲಕಿ ಮೂರು ಪ್ರಶ್ನೆ ಬರೆದರು. ಇದು ಯಾವ ಕುದುರೆಗೆ ಬರೆದದ್ದು? ಯಾವ ಕೆಲಸಕ್ಕೆ? ಯಾವ ಜೀನಿನ ಮೇಲೆ? ಈ ಮೂರಕ್ಕೆ ಉತ್ತರ ಹುಡುಕಿದರೆ ಗೆರಿನಿಯೇರ್‌ಗೂ ಕಾಪ್ರಿಲ್ಲಿಗೂ ಜಗಳವೇ ಇಲ್ಲ. ಒಬ್ಬರು ಅಂಗಳದ ಕುದುರೆಗೆ ಬರೆದರು, ಇನ್ನೊಬ್ಬರು ಹಳ್ಳಕೊಳ್ಳ ಹಾರುವ ಸೇನೆಯ ಕುದುರೆಗೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆ ಸವಾರಿಯ ವಿನೋದದ ಭಾಗ ಇದೆ. ಸುಮಾರು 1130ರ ಕೃತಿ, ನಮ್ಮ ನೆಲದ್ದೇ. ಅದನ್ನು ಓದಿದಾಗಲೂ ಇದೇ ಪ್ರಶ್ನೆ ಹಾಕಿದೆವು. ಅರಸನೊಬ್ಬ ಆಟಕ್ಕೆ ಬಳಸುವ ಕುದುರೆಗೂ ಶನಿವಾರ ಹತ್ತು ಮಕ್ಕಳನ್ನು ಹೊರುವ ಕುದುರೆಗೂ ಒಂದೇ ಮಾತು ಹೊಂದುವುದಿಲ್ಲ.

ಕೋಚ್ ಮುನಿದಾಗ

ಕೂಟ ಚೆನ್ನಾಗಿ ನಡೆಯಲು ಶುರುವಾದ ಮೇಲೆ ಬಂದ ತೊಂದರೆಯೇ ದೊಡ್ಡದು.

ಒಂದು ಬೆಳಿಗ್ಗೆ ಕ್ಲಾಸಿನಲ್ಲಿ ಆರು ಕುದುರೆಗಳಿದ್ದವು. ಕಾಲೇಜಿನ ಹುಡುಗಿಯೊಬ್ಬಳ ಕುದುರೆ ಟ್ರಾಟ್‌ನಲ್ಲಿ ಮುನ್ನುಗ್ಗುತ್ತಿತ್ತು. ಲಗಾಮು ಬಿಗಿ ಹಿಡಿ ಅಂದರು ಕೋಚ್. ಅವಳು ಕುದುರೆಯ ಮೇಲಿಂದಲೇ, "ಸರ್, ನಾವು ಓದಿದ್ರಲ್ಲಿ ಹಾಗಿಲ್ಲ, ಎಳೀಬಾರ್ದು ಅಂತಿದೆ" ಅಂದಳು. ಮಾತಾಡುತ್ತ ಮುಂದಿನ ಕುದುರೆಯ ಹಿಂಭಾಗಕ್ಕೆ ತೀರಾ ಹತ್ತಿರ ಹೋಗಿಬಿಟ್ಟಳು. ಆ ಕುದುರೆ ಕಾಲೆತ್ತಿತು. ಯಾರಿಗೂ ಏಟಾಗಲಿಲ್ಲ. ಕೋಚ್ ಕ್ಲಾಸ್ ನಿಲ್ಲಿಸಿದರು. "ಹಾಗಾದ್ರೆ ಪುಸ್ತಕಾನೇ ಬಂದು ಕಲಿಸ್ಲಿ" ಅಂದು ಹೊರಟುಹೋದರು. ಸಂಜೆಯೊಳಗೆ ಮಾಲೀಕರಿಂದ ಫೋನು ಬಂತು. ಜಗಲಿ ಸದ್ಯಕ್ಕೆ ಬೇಡ ಅಂದರು.

ಈಗ ಏನು ಮಾಡುವುದು? ಕೂಟವನ್ನು ಯಾರದಾದರೂ ಮನೆಗೆ ಸಾಗಿಸೋಣ ಅಂದರು ಕೆಲವರು. ಸುಲಭದ ದಾರಿ. ಸಂಚಾಲಕಿ ಬೇಡ ಅಂದರು. ಕುದುರೆಯಿಂದ ದೂರ ಹೋದರೆ ಮತ್ತೆ ಮೊದಲಿನ ಹಾಗೇ ಬರೀ ಮಾತಾಗುತ್ತದೆ, ಚಾಚಾ ಬರುವುದಿಲ್ಲ, ಕೋಚ್ ಪೂರ್ತಿ ಹೊರಗಾಗುತ್ತಾರೆ. ಸ್ವಲ್ಪ ಕಾಲ ನಿಲ್ಲಿಸೋಣ, ಮೊದಲು ಅವರ ಮಾತು ಕೇಳೋಣ ಅಂದರು.

ಕೋಚ್ ಹತ್ತಿರ ಅವರು ಒಬ್ಬರೇ ಹೋದರು. ಕೋಚ್ ಸಿಟ್ಟಿನಲ್ಲಿ ಎರಡು ಎಳೆ ಇತ್ತು. ಒಂದು, ಜೀವದ ಪ್ರಶ್ನೆ. ಆರು ಕುದುರೆ ಓಡುವ ಅರೀನಾದಲ್ಲಿ ಒಬ್ಬರ ಮಾತೇ ನಡೆಯಬೇಕು. ವಾದ ಮಾಡುವ ಸವಾರನ ಗಮನ ತಪ್ಪುತ್ತದೆ. ಇದರಲ್ಲಿ ಕೋಚ್ ನೂರಕ್ಕೆ ನೂರು ಸರಿ. ಇನ್ನೊಂದನ್ನು ಅವರು ನಿಧಾನಕ್ಕೆ ಹೇಳಿದರು. ಅವರಿಗೆ ಗೊತ್ತಿರುವುದೆಲ್ಲ ಕಿವಿಯಿಂದ ಕಲಿತದ್ದು. ಜಗಲಿಯಲ್ಲಿ ಇಷ್ಟು ತಿಂಗಳು ಓದು ನಡೆದರೂ ನಿಮಗೇನು ಗೊತ್ತು ಸರ್ ಅಂತ ಯಾರೂ ಅವರನ್ನು ಕೇಳಿರಲಿಲ್ಲ.

ಒಪ್ಪಂದ ಹೀಗಾಯಿತು. ಅರೀನಾದೊಳಗೆ ಕೋಚ್ ಮಾತೇ ಕೊನೆ. ಸಂದೇಹ ಇದ್ದರೆ ಇಳಿದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ತಿಂಗಳ ಕೊನೆಯ ಶನಿವಾರ ಕೋಚ್ ಬಂದು ಆ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತಾರೆ. ಮುಂದಿನ ತಿಂಗಳು ಯಾವ ವಿಷಯ ಓದಿದರೆ ಈಗಿನ ಕ್ಲಾಸಿಗೆ ಉಪಯೋಗ ಅಂತ ಅವರೇ ಹೇಳುತ್ತಾರೆ. ಹುಡುಗಿಗೆ ಯಾರೂ ಬಯ್ಯಲಿಲ್ಲ. ಅವಳ ಪ್ರಶ್ನೆಯೇ ನೋಟ್‌ಬುಕ್ಕಿನ ಮೊದಲ ಪ್ರಶ್ನೆಯಾಯಿತು: ಮುನ್ನುಗ್ಗುವ ಕುದುರೆಯನ್ನು ಎಳೆಯಬೇಕಾ, ಬೇಡವಾ?

ಕಂದು ಕುದುರೆ

ಅವಳು ಸವಾರಿ ಮಾಡುತ್ತಿದ್ದದ್ದು ರೇಸ್‌ನಿಂದ ಬಂದ ಒಂದು ಕಂದು ಗೆಲ್ಡಿಂಗ್ (ಬೀಜ ಒಡೆದ ಗಂಡು ಕುದುರೆ). ಆ ತಿಂಗಳು ಓದಿದ್ದು ಒತ್ತಡ ಮತ್ತು ಬಿಡುಗಡೆಯ ಬಗ್ಗೆ. ಕುದುರೆ ಕಲಿಯುವುದು ಲಗಾಮಿನ ಒತ್ತಡದಿಂದಲ್ಲ, ಸರಿಯಾಗಿ ಉತ್ತರ ಕೊಟ್ಟ ಆ ಕ್ಷಣಕ್ಕೆ ಒತ್ತಡ ಹೋಗುವುದರಿಂದ. ಬಿಡುವುದು ತಡವಾದರೆ ಏನು ಕಲಿಯಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಬಿಡದೇ ಹೋದರೆ ಬಾಯಿ ಮರಗಟ್ಟುತ್ತದೆ. ಕುದುರೆ ಬೇಕಾದದ್ದು ಮಾಡಿದ ಕೂಡಲೇ ಅದಕ್ಕೆ ಆರಾಮ ಕೊಡು ಅಂತ ಕ್ಸೆನೊಫೋನನೂ ಹೇಳಿದ್ದಾನೆ. ಬಲವಂತದಿಂದ ಮಾಡಿಸಿದ್ದು ಕುದುರೆಗೆ ಅರ್ಥವಾಗಿರುವುದಿಲ್ಲ, ಕುಣಿಯುವವನನ್ನು ಚಾಟಿಯಲ್ಲಿ ಹೊಡೆದು ಕುಣಿಸಿದ ಹಾಗೆ, ಅನ್ನುವುದು ಅವನ ಮಾತು.

ಇಷ್ಟಕ್ಕೇ ನಿಂತಿದ್ದರೆ ಹುಡುಗಿಯೇ ಸರಿ ಅಂತ ಆಗುತ್ತಿತ್ತು. ಚಾಚಾ ಇನ್ನೊಂದು ಸೇರಿಸಿದರು. ರೇಸ್ ಕುದುರೆಯನ್ನು ಬೆಳಗಿನ ಓಟದಲ್ಲಿ ಲಗಾಮು ಬಿಗಿ ಹಿಡಿದೇ ಓಡಿಸುತ್ತಾರೆ. ಅದು ಬಿಟ್ ಮೇಲೆ ಭಾರ ಹಾಕಿ ಓಡುವುದನ್ನು ಕಲಿತಿರುತ್ತದೆ. ಹೊಸಬರು ಹೆದರಿ ಎರಡೂ ಕೈಯಿಂದ ಎಳೆದರೆ ಅದಕ್ಕೆ ಕೇಳಿಸುವುದು ಓಡು ಅಂತಲೇ. ಕೋಚ್ ಇದನ್ನು ಒಪ್ಪಿದರು. ಬಿಗಿ ಹಿಡಿ ಅಂತ ನಾನು ಹೇಳುವುದು ಲಗಾಮು ಜೋಲಾಡಬಾರದು ಅನ್ನುವುದಕ್ಕೆ, ಎಳೆದುಕೊಂಡೇ ಇರು ಅಂತಲ್ಲ ಅಂದರು. ಮೂರೂ ಕಡೆಯ ಮಾತು ಸೇರಿದಾಗ ಕೆಲಸ ಸ್ಪಷ್ಟವಾಯಿತು. ಕೋಚ್ ಹೊಸಬರನ್ನು ಆ ಕುದುರೆಯಿಂದ ಇಳಿಸಿದರು. ದಿನವೂ ಸ್ವಲ್ಪ ಹೊತ್ತು ನಡಿಗೆಯಲ್ಲೇ ನಿಲ್ಲಿಸುವುದು, ನಿಂತ ಕ್ಷಣ ಬೆರಳು ಸಡಿಲಿಸುವುದು, ಅಷ್ಟೇ.

ಸ್ವಲ್ಪ ಸುಧಾರಿಸಿತು. ಪೂರ್ತಿ ಅಲ್ಲ. ಎಡಕ್ಕೆ ತಿರುಗುವಾಗ ತಲೆ ಎತ್ತಿ ಕೊಸರುವುದು ಹಾಗೇ ಉಳಿಯಿತು. ಕೂಟದಲ್ಲಿ ಇದಕ್ಕೆ ಬಗೆಬಗೆಯ ಸಿದ್ಧಾಂತ ಬಂದವು. ಮೈ ಸೊಟ್ಟ ಇದೆ, ಸವಾರನ ತೂಕ ಒಂದು ಕಡೆ ಬೀಳುತ್ತಿದೆ, ಶೋಲ್ಡರ್-ಇನ್ ಮಾಡಿಸಬೇಕು. ಎಲ್ಲವೂ ಓದಿದ್ದೇ, ಎಲ್ಲವೂ ಸಾಧ್ಯವೇ. ಆಗ ಚಾಚಾ, "ಅದು ಹುಲ್ಲನ್ನ ಉಂಡೆ ಮಾಡಿ ಉಗುಳ್ತಿದೆ ಮೇಡಂ, ಹಲ್ಲು ನೋಡಿಸಿ" ಅಂದರು.

ಪಶುವೈದ್ಯರು ಬಂದು ಬಾಯಿ ತೆರೆಸಿ ನೋಡಿದರು. ಕುದುರೆಯ ಹಲ್ಲು ಜೀವನವಿಡೀ ಮೇಲೆ ಬರುತ್ತಲೇ ಇರುತ್ತದೆ, ಅಗಿದಂತೆ ಸವೆಯುತ್ತದೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಹಾಗಾಗಿ ಮೇಲಿನ ದವಡೆ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸವೆಯದೆ ಚೂಪಾಗುತ್ತವೆ. ಇದರ ಎಡಗಡೆ ಕೆನ್ನೆಯ ಒಳಗೆ ಗಾಯವೇ ಆಗಿತ್ತು. ಅರದಿಂದ ಉಜ್ಜಿ ನಯ ಮಾಡಿದರು. ಗಾಯ ಮಾಯಲು ಬಿಟ್ಟರು. ಆಮೇಲೆ ಎಡ ತಿರುವಿನ ಕೊಸರಾಟ ಬಹುಮಟ್ಟಿಗೆ ಹೋಯಿತು.

ಹಾಗಾದರೆ ಆ ಕುದುರೆ ಸುಧಾರಿಸಿದ್ದು ಪುಸ್ತಕದಿಂದಲಾ, ಅರದಿಂದಲಾ? ಎಷ್ಟು ಪಾಲು ಯಾವುದಕ್ಕೆ ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಆದರೆ ನೋವಿನ ಪರೀಕ್ಷೆ ಮೊದಲು, ತರಬೇತಿಯ ಮಾತು ಆಮೇಲೆ ಅನ್ನುವುದು ಆ ದಿನದಿಂದ ಕೂಟದ ಪದ್ಧತಿಯಾಯಿತು. ಯಾವ ಕುದುರೆಯ ತಕರಾರು ಬಂದರೂ ಈಗ ಬಾಯಿ, ಬೆನ್ನು, ಗೊರಸು, ಜೀನು ಇವನ್ನು ನೋಡಿಯಾಯಿತಾ ಅಂತ ಕೇಳುತ್ತಾರೆ. ಅದಾದ ಮೇಲೇ ಪುಸ್ತಕ ತೆರೆಯುತ್ತಾರೆ.

ಬೇರೆ ಕಡೆ ಕಟ್ಟುವುದಾದರೆ

ಇನ್ನೊಂದು ಊರಿನ ಸವಾರಿ ಶಾಲೆಯವರು ಕೇಳಿದಾಗ ಸಂಚಾಲಕಿ ಪುಸ್ತಕಗಳ ಪಟ್ಟಿ ಕೊಡಲಿಲ್ಲ. ಮೊದಲು ನಿಮ್ಮ ಲಾಯದಲ್ಲಿ ಯಾರು ಏನು ಬಲ್ಲರು ಅಂತ ಪಟ್ಟಿ ಮಾಡಿ ಅಂದರು. ಲಾಳ ಹೊಡೆಯುವವರು ತಿಂಗಳಿಗೊಮ್ಮೆ ಬರುತ್ತಾರಾ? ಅವರು ಬರುವ ವಾರ ಗೊರಸಿನ ಪುಟ ಓದಿ. ಪಶುವೈದ್ಯರು ಬರುವ ವಾರ ಹಲ್ಲಿನದು. ಇದು ನನಗೆ ಈ ಇಡೀ ಪ್ರಕರಣದ ಅತ್ಯಂತ ಉಪಯೋಗದ ಸಲಹೆ ಅನ್ನಿಸುತ್ತದೆ. ಓದಿನ ಕ್ರಮವನ್ನು ಪುಸ್ತಕದ ಅಧ್ಯಾಯಗಳು ಹೇಳಬೇಕಾಗಿಲ್ಲ, ಲಾಯದ ಕೆಲಸಗಳು ಹೇಳಿದರೆ ಸಾಕು.

ಕೋಚ್ ಅನ್ನು ಮೊದಲ ದಿನದಿಂದಲೇ ಒಳಗೆ ತರಬೇಕು. ಅವರು ಓದುವವರಲ್ಲ ಅಂತ ಬಿಟ್ಟರೆ ಓದುವವರು ಅವರ ವಿರುದ್ಧ ನಿಂತ ಹಾಗೆ ಕಾಣುತ್ತದೆ. ಮಕ್ಕಳು ಇದ್ದರೆ ಕೈಯಲ್ಲಿ ಮಾಡುವ ಭಾಗ ಜಾಸ್ತಿ ಇರಲಿ, ಓದು ಕಾಲು ಗಂಟೆ ಮೀರದಿರಲಿ. ಕನ್ನಡಕ್ಕೆ ತರುವ ಕೆಲಸವನ್ನು ಒಬ್ಬರ ಮೇಲೇ ಹಾಕಬೇಡಿ. ಯಾವ ಪುಟವನ್ನು ಯಾರು ಕನ್ನಡದಲ್ಲಿ ಬರೆಯುತ್ತಾರೋ ಅವರೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಾರೆ, ಆ ಲಾಭ ಎಲ್ಲರಿಗೂ ಸರದಿಯಲ್ಲಿ ಸಿಗಲಿ.

ಈಗ ಕೂಟ ಜರ್ಮನ್ ಪದ್ಧತಿಯ ತರಬೇತಿ ಮೆಟ್ಟಿಲುಗಳನ್ನು ಓದುತ್ತಿದೆ. ಲಯ, ಮೈ ಸಡಿಲ, ಬಿಟ್ ಜೊತೆ ಹದವಾದ ಸಂಪರ್ಕ, ಹಿಂಗಾಲಿನ ನೂಕುಬಲ, ನೇರ ನಡೆ, ಕೊನೆಗೆ ಭಾರವನ್ನು ಹಿಂಗಾಲಿಗೆ ತಂದು ಮೈ ಕೂಡಿಸಿಕೊಳ್ಳುವುದು, ಹೀಗೆ ಆರು. ರೇಸ್‌ನಿಂದ ಬಂದ ಕುದುರೆಗೆ ಇದೇ ಕ್ರಮ ಸಾಕಾ ಅನ್ನುವುದರಲ್ಲಿ ಕೋಚ್‌ಗೂ ಚಾಚಾಗೂ ಒಮ್ಮತ ಇಲ್ಲ. ಆದರೂ ಈಗ ಇಬ್ಬರೂ ಪ್ರತಿ ಶನಿವಾರ ಬರುತ್ತಾರೆ.

ಬಗೆಹರಿಯದೆ ಉಳಿದದ್ದು ಚಿಕ್ಕ ವಯಸ್ಸಿನ ಸೈಸ್‌ಗಳ ವಿಷಯ. ಅವರಿಗೆ ಸಂಜೆಯ ಆ ಹೊತ್ತು ಮೇವು, ನೀರಿನ ಕೆಲಸ. ಅದನ್ನು ಮುಗಿಸಿ ಕೂರು ಅಂದರೆ ಮನೆಗೆ ಹೋಗುವುದು ತಡವಾಗುತ್ತದೆ. ಕಲಿಯುವ ಆಸೆ ಇದ್ದರೂ ಬರಲಾಗುವುದಿಲ್ಲ. ಆ ಒಂದು ಗಂಟೆಯನ್ನು ಕೆಲಸದ ಹೊತ್ತು ಅಂತಲೇ ಲೆಕ್ಕ ಹಿಡಿದು ಸಂಬಳ ಕೊಡಿ ಎಂದು ಸಂಚಾಲಕಿ ಮಾಲೀಕರನ್ನು ಕೇಳಿದರು. ತಿಂಗಳಿಗೆ ಎರಡು ಶನಿವಾರಕ್ಕೆ ಅವರು ಒಪ್ಪಿದ್ದಾರೆ. ಉಳಿದ ಶನಿವಾರಗಳ ದುಡ್ಡನ್ನು ಸದಸ್ಯರು ಸೇರಿ ಹಾಕುತ್ತಿದ್ದಾರೆ. ಇಬ್ಬರು ಹುಡುಗರು ಬರಲು ಶುರುಮಾಡಿದ್ದಾರೆ. ಮುಂದಿನ ಗೊರಸಿನ ಪುಟವನ್ನು ಓದುವ ಸರದಿ ಅವರಲ್ಲಿ ಒಬ್ಬನದು.